ಮೂರನೇ ಮಗ್ಗದಕ್ಕನ ನಲವತ್ತು ಸೆಕೆಂಡು

ಕಂಪ್ಯೂಟರಿನ ಪರದೆಯ ಮೇಲೆ ಮೂರನೇ ಮಗ್ಗದಕ್ಕನ ಕೈ ಹದಿನಾಲ್ಕು ಚುಕ್ಕಿ, ಅಂದರೆ ಪಿಕ್ಸೆಲ್, ಅಗಲ ಇತ್ತು. ಚಿತ್ರವನ್ನು ನಿಲ್ಲಿಸಿ, ದೊಡ್ಡದು ಮಾಡಿ, ಹೆಬ್ಬೆರಳಿನ ಅಂಚಿನಿಂದ ಕಿರುಬೆರಳಿನ ಅಂಚಿನವರೆಗೆ ಪೆನ್ಸಿಲ್ ತುದಿ ಇಟ್ಟು ಎರಡು ಸಲ ಎಣಿಸಿದ್ದೆ. ಹದಿನಾಲ್ಕು ಚುಕ್ಕಿಯಲ್ಲಿ ಐದು ಬೆರಳು. ಒಂದೊಂದು ಬೆರಳಿಗೆ ಮೂರು ಚುಕ್ಕಿಯೂ ಪೂರ್ತಿ ಸಿಗುವುದಿಲ್ಲ. ಮುಖಕ್ಕೆ ನಲವತ್ತರ ಹತ್ತಿರ ಸಿಕ್ಕಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸೇಲಂ ಊರ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಂ.ಇ. ಎರಡನೇ ವರ್ಷದಲ್ಲಿದ್ದೆ. ತಂತಿ ಇಲ್ಲದೆ ಗಾಳಿಯಲ್ಲಿ ವಿಡಿಯೋ ಕಳಿಸುವುದು ನನ್ನ ಪ್ರಾಜೆಕ್ಟ್. ಕಳಿಸುವುದು ಅಂದರೆ ನಿಜವಾಗಿ ಎಲ್ಲಿಗೂ ಕಳಿಸುತ್ತಿರಲಿಲ್ಲ. ಲ್ಯಾಬಿನ ಒಂದೇ ಕಂಪ್ಯೂಟರಿನೊಳಗೆ ಚಿತ್ರ ಹೊರಡುತ್ತಿತ್ತು. ನಾನು ಬರೆದ ಒಂದು ಪ್ರೋಗ್ರಾಂ ಗಾಳಿಯ ಹಾಗೆ ನಟಿಸಿ ಅದನ್ನು ಅಲ್ಲಲ್ಲಿ ಕೆಡಿಸುತ್ತಿತ್ತು. ಇನ್ನೊಂದು ಪ್ರೋಗ್ರಾಂ ಉಳಿದದ್ದನ್ನು ಬಿಡಿಸಿ ಅದೇ ಪರದೆಯ ಮೇಲೆ ತೋರಿಸುತ್ತಿತ್ತು. ಹೊರಟಲ್ಲಿಂದ ತಲುಪಿದಲ್ಲಿಗೆ ಒಂದು ಗೇಣು ದೂರವೂ ಇರಲಿಲ್ಲ.

ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವುದು ಒಂದು ಕೆಲಸ. ಹಿಂಡಿದ್ದು ದಾರಿಯಲ್ಲಿ ಕೆಡದಂತೆ ಅದಕ್ಕೆ ಕಾವಲು ಕೊಡುವುದು ಇನ್ನೊಂದು ಕೆಲಸ. ಪುಸ್ತಕಗಳಲ್ಲಿ ಇವು ಬೇರೆ ಬೇರೆ ಅಧ್ಯಾಯ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೆ ಕಳಿಸಲು ಸಿಗುವ ಜಾಗ ಒಂದೇ. ಕಾವಲಿಗೆ ಹೆಚ್ಚು ಕೊಟ್ಟರೆ ಚಿತ್ರ ಮಂಕಾಗುತ್ತದೆ, ಚಿತ್ರಕ್ಕೆ ಹೆಚ್ಚು ಕೊಟ್ಟರೆ ದಾರಿಯಲ್ಲಿ ಚೂರಾಗುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹಂಚುವುದು ನನ್ನ ವಿಷಯ. ಯಾವ ಭಾಗ ಹಾಳಾದರೆ ನೋಡುವವರಿಗೆ ದೊಡ್ಡ ನಷ್ಟವೋ ಅದಕ್ಕೆ ಗಟ್ಟಿ ಕಾವಲು, ಯಾವುದು ಕೆಟ್ಟರೂ ನಡೆದೀತೋ ಅದಕ್ಕೆ ತೆಳು ಕಾವಲು. ಕೆಟ್ಟುಹೋದ ತುಂಡಿನ ಜಾಗಕ್ಕೆ ಹಿಂದಿನ ಚಿತ್ರದ ಅದೇ ತುಂಡನ್ನು ತಂದು ತೇಪೆ ಹಾಕಲಾಗುತ್ತದೆ. ಗೋಡೆ, ಬಾಗಿಲು, ಸೀರೆಯ ಮೈ, ಇಂಥ ಕಡೆ ತೇಪೆ ಕಾಣುವುದೇ ಇಲ್ಲ. ನಾನು ಓದಿದ ಲೇಖನಗಳೆಲ್ಲ ಕ್ಯಾಮೆರಾದ ಮುಂದೆ ಕೂತು ಮಾತಾಡುವ ಮುಖಗಳನ್ನು ಇಟ್ಟುಕೊಂಡು ಬರೆದವು. ಹಾಗಾಗಿ ನಾನೂ ಗಟ್ಟಿ ಕಾವಲನ್ನು ಮುಖಕ್ಕೇ ಕೊಟ್ಟಿದ್ದೆ.

ನನ್ನ ಗೈಡ್ ಒಳ್ಳೆಯವರು. ಲೆಕ್ಕದ ಅಂಕಿಗಳು ಚೆನ್ನಾಗಿವೆ, ಆದರೆ ಇಂಥ ಅಂಕಿಗಳನ್ನು ಎಲ್ಲರೂ ತರುತ್ತಾರೆ ಅಂದರು. ಮಾರ್ಚ್ ಕೊನೆಗೆ ಎರಡನೇ ರಿವ್ಯೂ ಇತ್ತು. ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಲು ಬೇರೆ ಏನಾದರೂ ಬೇಕು ಎಂದಾಗ, ನನ್ನ ಬಾಯಿಂದ ಕೈಮಾತಿನ ವಿಷಯ ಬಂತು. ಕೈಯಲ್ಲಿ ಮಾತಾಡುವವರ ಚಿತ್ರವನ್ನು ಕಳಿಸಿ, ಆ ಮಾತು ಗೊತ್ತಿರುವವರಿಗೆ ತೋರಿಸಿ, ಏನು ಹೇಳಿದರು ಅಂತ ಕೇಳಿದರೆ? ಚಿತ್ರ ಚೆನ್ನಾಗಿದೆಯೇ ಅಂತ ಅಲ್ಲ, ಮಾತು ತಲುಪಿತೇ ಅಂತ. ಅವರಿಗೆ ಬಹಳ ಹಿಡಿಸಿತು. ಅಂಥವರು ಎಲ್ಲಿ ಸಿಗುತ್ತಾರೆ ಅಂತ ಕೇಳಿದರು. ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ ಅಂದೆ. ಆ ಲ್ಯಾಬಿನಲ್ಲಿ ನಾನು ನನ್ನ ಮನೆಯ ಬಗ್ಗೆ ಆಡಿದ ಮೊದಲ ಮಾತು ಅದು.

ನಮ್ಮ ಮನೆಯಲ್ಲಿದ್ದವಳು ನನ್ನ ಅತ್ತೆ, ಅಪ್ಪನ ಅಕ್ಕ. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಹೋಯಿತು. ಮದುವೆ ಆಗಲಿಲ್ಲ. ಸೇಲಂನ ಗುಗೈ ಬಡಾವಣೆಯಲ್ಲಿ ನಮ್ಮ ಬೀದಿಯ ಹಿಂದೆ ಒಂದು ಪವರ್‌ಲೂಮ್ ಶೆಡ್ಡು ಇತ್ತು. ಅಲ್ಲಿ ಹದಿನಾರು ವರ್ಷ ಅವಳು ನಾಲ್ಕನೇ ಮಗ್ಗದ ಮುಂದೆ ನಿಂತಳು.

ಪವರ್‌ಲೂಮ್ ಓಡುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಹೀಗಾಗಿ ಶೆಡ್ಡಿನಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಆ ಎಂಟು ಗಂಟೆ ಅಲ್ಲಿ ಯಾರಿಗೂ ಕಿವಿ ಇಲ್ಲ, ಅತ್ತೆಗೂ ಉಳಿದವರಿಗೂ ಏನೂ ವ್ಯತ್ಯಾಸ ಇಲ್ಲ. ಚಿಕ್ಕವಳಿದ್ದಾಗ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗಿ ಮಗ್ಗಗಳ ನಡುವೆ ಕೂತು ನಾನು ಆ ಮಾತು ಕಲಿತೆ. ಅಲ್ಲಿ ಯಾರೂ ಮಾತನ್ನು ಪೂರ್ತಿ ಆಡುವುದಿಲ್ಲ. ಒಂದು ಕೈ ಯಾವಾಗಲೂ ನೂಲಿನ ಮೇಲೆ ಇರುತ್ತದೆ. ನೂಲು ಹರಿಯಿತು ಅನ್ನಲು ಎರಡು ಕೈ ಬೇಕು, ಶೆಡ್ಡಿನಲ್ಲಿ ಬರೀ ಎರಡು ಬೆರಳು ಬಿಚ್ಚಿದರೆ ಸಾಕು. ಟೀ ಬಂತು ಅನ್ನಲು ಹೆಬ್ಬೆರಳು ಬಾಯಿಯವರೆಗೆ ಹೋಗಬೇಕಿಲ್ಲ, ಸ್ವಲ್ಪ ನಿಗುರಿದರೆ ಸಾಕು. ಅರ್ಧ ಆಡುವುದು ಆಡುವವರ ಕೆಲಸ, ಉಳಿದರ್ಧ ತುಂಬಿಕೊಳ್ಳುವುದು ನೋಡುವವರ ಕೆಲಸ. ಪೂರ್ತಿ ಆಡಿದರೆ ನೋಡುವವರಿಗೆ ನೀನು ಮಂಕು ಅಂದ ಹಾಗೆ. ಸಾಹುಕಾರ ಬಂದ ಅನ್ನಲು ಮೂಗಿನ ಕೆಳಗೆ ಬೆರಳು ಎಳೆಯುತ್ತಿದ್ದರು, ಆತನಿಗೆ ದೊಡ್ಡ ಮೀಸೆ. ಆತ ಪಳನಿಗೆ ಹೋಗಿ ತಲೆ ಬೋಳಿಸಿಕೊಂಡು ಮೀಸೆಯನ್ನೂ ಕೊಟ್ಟು ಬಂದ ದಿನ, ಹದಿನೆಂಟು ಮಗ್ಗದ ಜನ ಒಟ್ಟಿಗೆ ಮೂಗಿನ ಕೆಳಗೆ ಬೆರಳಿಟ್ಟರಂತೆ. ಆತ ಯಾಕೆ ಇವರೆಲ್ಲ ಸೀನುತ್ತಿದ್ದಾರೆ ಅಂತ ಕೇಳಿದನಂತೆ.

ಅತ್ತೆಯ ಎದುರಿಗೆ ಮೂರನೇ ಮಗ್ಗದಲ್ಲಿ ಇದ್ದವಳು ಅವಳ ಗೆಳತಿ. ನಮ್ಮ ಹಾಗೆ ಸೇಲಂನಲ್ಲಿ ನೆಲೆಸಿದ ಕನ್ನಡದ ನೇಕಾರರ ಜನವೇ, ಕಿವಿ ಕೇಳುವವಳು. ನಮ್ಮ ಮನೆಯಲ್ಲಿ ಅವಳನ್ನು ಮೂರನೇ ಮಗ್ಗದಕ್ಕ ಅಂತಲೇ ಕರೆಯುತ್ತಿದ್ದೆವು. ಹದಿನಾರು ವರ್ಷ ಇಬ್ಬರೂ ಎದುರುಬದುರು ನಿಂತು ದಿನಕ್ಕೆ ಎಂಟು ಗಂಟೆ ಮಾತಾಡಿದವರು. ಆ ಅಕ್ಕನ ಗಂಡನಿಗೆ ಮೆಟ್ಟೂರಿನಲ್ಲಿ, ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ಸ್ಥಾವರದಲ್ಲಿ ಕೆಲಸ ಸಿಕ್ಕಿತು. ಅವರು ಅಲ್ಲಿಗೆ ಹೋದರು. ಅದಾಗಿ ಎರಡು ವರ್ಷ. ಅಷ್ಟರಲ್ಲಿ ಅತ್ತೆಗೆ ಮಂಡಿ ನೋವು ಬಂದು, ನಿಲ್ಲಲಾಗದೆ ಶೆಡ್ಡು ಬಿಟ್ಟು, ಮನೆಯಲ್ಲೇ ರಾಟೆಯಲ್ಲಿ ಕಂಡಿಕೆ ಸುತ್ತತೊಡಗಿದಳು. ಲಾಳಿಗೆ ಹಾಕುವ ನೂಲಿನ ಆ ಸಣ್ಣ ಕಡ್ಡಿಗಳು ಬುಟ್ಟಿ ತುಂಬುತ್ತಿದ್ದವು. ಮಾತು ಮಾತ್ರ ಇರಲಿಲ್ಲ. ನಮ್ಮ ಮನೆಯವರಿಗೆ ಬರುತ್ತಿದ್ದ ಕೈಮಾತು ಊಟ, ಸ್ನಾನ, ಔಷಧಿ, ಅಷ್ಟೇ. ನಾನು ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರೂವರೆಗೆ ಬರುತ್ತಿದ್ದೆ. ಬೀದಿಯ ತುದಿಯಲ್ಲಿ ಎಸ್‌ಟಿಡಿ ಬೂತು ಬಂದಿತ್ತು, ಅದು ಅತ್ತೆಗೆ ಯಾವ ಉಪಯೋಗ. ಬರೆಯಲೂ ಬರುತ್ತಿರಲಿಲ್ಲ. ಮೆಟ್ಟೂರಿನ ಬಸ್ ಹತ್ತಿ ಎರಡು ಸಲ ಹೋಗಿ ಬಂದಿದ್ದಳು, ಬಂದಮೇಲೆ ವಾರವಿಡೀ ಮಂಡಿಗೆ ಎಣ್ಣೆ ತಿಕ್ಕಿಕೊಂಡಿದ್ದಳು.

ಸಂಕ್ರಾಂತಿ ಆದಮೇಲೆ ಒಂದು ಸಂಜೆ ಅವಳು ನನ್ನ ಕಾಗದಗಳನ್ನು ನೋಡಿ ಇದೇನು ಅಂತ ಕೇಳಿದಳು. ಚಿತ್ರ ಕಳಿಸುವುದು ಅಂದೆ. ಓಡಾಡುವ ಚಿತ್ರವಾ? ಹೌದು. ತಂತಿ ಇಲ್ಲದೆಯಾ? ಹೌದು. ರಾಟೆ ನಿಂತಿತು. ಇಲ್ಲಿಂದ ಮೆಟ್ಟೂರಿಗೂ ಹೋಗುತ್ತಾ ಅಂತ ಕೇಳಿದಳು. ನಾನು ಬಲಗೈ ಎತ್ತಿ, ಹೋಗುತ್ತದೆ ಅನ್ನುವುದನ್ನು ಶುರು ಮಾಡಿದೆ. ಮುಂದೊಂದು ಕಾಲಕ್ಕೆ, ನಮ್ಮ ಕಾಲಕ್ಕಲ್ಲ, ಅನ್ನುವುದು ಆ ವಾಕ್ಯದ ಉಳಿದ ಭಾಗ. ನನ್ನ ಎಡಗೈಯಲ್ಲಿ ಪುಸ್ತಕ ಇತ್ತು. ಅರ್ಧಕ್ಕೇ ಕೈ ಇಳಿಸಿದೆ. ಉಳಿದರ್ಧವನ್ನು ಅವಳು ತುಂಬಿಕೊಂಡದ್ದು ಅವಳ ಮುಖದಲ್ಲಿ ನನಗೆ ಕಂಡಿತು. ಆಗಲೇ ಸರಿಮಾಡಬಹುದಿತ್ತು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನೋಡಿ ಬಹಳ ದಿನ ಆಗಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ.

ಮಾರ್ಚ್ ಮೊದಲ ಭಾನುವಾರ ನಾನು ಮೆಟ್ಟೂರಿಗೆ ಹೋದೆ. ನಮ್ಮ ಬೀದಿಯಲ್ಲಿ ಮದುವೆ ವಿಡಿಯೋ ತೆಗೆಯುವವರು ಒಬ್ಬರಿದ್ದರು, ಅವರಿಂದ ಒಂದು ದಿನಕ್ಕೆ ಕ್ಯಾಮೆರಾ ಎರವಲು ಸಿಕ್ಕಿತು. ಅತ್ತೆ ತಾನೂ ಬರುತ್ತೇನೆ ಅಂದಳು. ಬರಬಾರದು, ಮೊದಲೇ ನೋಡಿಬಿಟ್ಟರೆ ಪರೀಕ್ಷೆ ಆಗುವುದಿಲ್ಲ ಅಂತ ಹೇಳಿದೆ. ಅವಳಿಗೆ ಅದು ಸರಿ ಕಂಡಿತು. ಪರೀಕ್ಷೆ ಅಂದರೆ ಆ ಯಂತ್ರವನ್ನು ಮನೆಗೆ ತರುವ ಮೊದಲು ಮಾಡುವ ಯಾವುದೋ ಪೂಜೆ ಅಂತ ಅವಳು ತಿಳಿದಂತಿತ್ತು.

ಅಕ್ಕನ ಮನೆ ಊರಿಂದ ಆಚೆ, ಚಿಮಣಿಗಳು ಕಾಣುವ ಒಂದು ಹಳ್ಳಿಯಲ್ಲಿತ್ತು. ಮನೆಯ ಹಿಂದೆ ಶೀಟು ಹೊದಿಸಿ ಎರಡು ಪವರ್‌ಲೂಮ್ ಹಾಕಿದ್ದಳು. ನನ್ನನ್ನು ನೋಡಿದ ಕೂಡಲೇ ಕೈಯಲ್ಲೇ ಮಾತು ಶುರು ಮಾಡಿ, ಆಮೇಲೆ ನೆನಪಾಗಿ ಬಾಯಿ ತೆರೆದಳು. ಇಲ್ಲಿ ಯಾರಿಗೂ ಕೈಮಾತು ಬರಲ್ಲ, ಗಂಡನ ಮನೆಯವರು ನೋಡಿ ಹುಚ್ಚು ಹಿಡಿದಿದೆ ಅಂತ ನಗುತ್ತಾರೆ ಅಂದಳು. ನಾನು ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇಟ್ಟು, ನಲವತ್ತು ಸೆಕೆಂಡು ಏನು ಬೇಕಾದರೂ ಮಾತಾಡು, ಅತ್ತೆಗೆ ಅಂದುಕೊಂಡು ಮಾತಾಡು ಅಂದೆ. ಓಡುವ ಮಗ್ಗದ ಮುಂದೆ ನಿಂತು ಶುರು ಮಾಡಿದಳು. ಮೊದಲು ಮಂಡಿ ಹೇಗಿದೆ ಅಂದಳು. ಇಲ್ಲಿ ನೀರು ಚೆನ್ನಾಗಿದೆ ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, ಹಿಂದೆ ತಿರುಗಿ ಮಗ್ಗ ನಿಲ್ಲಿಸಿದಳು. ಎರಡು ಕೈಯೂ ಬಿಡುವಾದವು.

ಎರಡು ಕೈಯಲ್ಲಿ ಅವಳು ಹೇಳಿದ್ದು ಇಷ್ಟು. ಈ ಮನೆಯ ಪಕ್ಕದಲ್ಲಿ ಒಂದು ಕೋಣೆ ಇದೆ. ನೀನು ಬಂದು ಅಲ್ಲಿ ಇರು. ಕೂತು ಕಂಡಿಕೆ ಸುತ್ತು, ನಾನು ನೇಯುತ್ತೇನೆ. ಯುಗಾದಿಯ ಒಳಗೆ ಹೇಳು, ಇಲ್ಲದಿದ್ದರೆ ಕೋಣೆಗೆ ನನ್ನ ಮೈದುನ ಬರುತ್ತಾನೆ.

ಕ್ಯಾಮೆರಾ ಆರಿಸಿದ ಮೇಲೆ ಆ ಕೋಣೆಯನ್ನು ತೋರಿಸಿದಳು. ನಾನು ಇದನ್ನು ಅತ್ತೆಗೆ ಹೇಳಲಾ ಅಂತ ಕೇಳಿದೆ.

"ನೀ ಏಳ್ಬ್ಯಾಡ," ಅಂದಳು. "ನೀ ಏಳಿದ್ರೆ ಅದು ನಿನ್ ಮಾತಾಯ್ತದೆ. ನಿಮ್ಮಪ್ಪ ಅವಳ್ನ ಒಂದು ಮಾತಲ್ಲಿ ಅಡಗಿಸ್ಬುಡ್ತಾನೆ. ನನ್ ಕೈ ಆಡಿದ್ದ ಅವಳು ಕಣ್ಣಾರ ನೋಡ್ಲಿ. ಅದುಕ್ಕೇ ಅಲ್ವಾ ನಿನ್ ಮಿಸಿನ್ನು?"

ಬರುವಾಗ ಬಸ್ಸಿನಲ್ಲಿ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ದಾರಿಯಲ್ಲಿ ಸಿಗುವ ಮೇಚ್ಚೇರಿಯವರೆಗೆ ಅದನ್ನೇ ಯೋಚಿಸಿದೆ. ಅತ್ತೆ ಹೋದರೆ ನಮ್ಮ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರು? ಮನೆಯಲ್ಲಿ ನಾನೂ ಹೆಚ್ಚು ಮಾತಾಡುವವಳಲ್ಲ. ಸಂಜೆ ಅವಳ ರಾಟೆಯ ಪಕ್ಕ ಕೂತು ಕೈಯಲ್ಲಿ ಆಡುತ್ತಿದ್ದದ್ದೇ ನನ್ನ ದಿನದ ಮಾತು. ಇದನ್ನು ಯಾರೆದುರೂ ಒಪ್ಪಿಕೊಳ್ಳಲು ಆಗ ನನಗೆ ಧೈರ್ಯ ಇರಲಿಲ್ಲ.

ಮುಂದಿನ ಶನಿವಾರ ಅತ್ತೆಯನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಅವಳು ಹಬ್ಬಕ್ಕೆ ಇಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಅಂತ ಬೋರ್ಡು ಇತ್ತು, ಅವಳು ಚಪ್ಪಲಿ ಬಿಟ್ಟು ಕಾಲು ತೊಳೆಯಲು ನೀರು ಎಲ್ಲಿ ಅಂತ ಕೇಳಿದಳು. ಗೈಡ್ ತಾವೇ ಕುರ್ಚಿ ಎಳೆದು ಹಾಕಿದರು. ನಾನು ಪ್ರೋಗ್ರಾಂ ಓಡಿಸಿದೆ. ಗಾಳಿ ಸಾಧಾರಣ ಕೆಟ್ಟದು ಅಂತ ಇಟ್ಟಿದ್ದೆ, ಓಡುವ ಬಸ್ಸಿನಲ್ಲಿ ಕೂತವರಿಗೆ ಸಿಗ್ನಲ್ ಕೆಡುವಷ್ಟು.

ಅಕ್ಕನ ಮುಖ ಪರದೆಯ ಮೇಲೆ ಬಂತು. ಮುಖ ನಿಜಕ್ಕೂ ಚೆನ್ನಾಗಿ ಬಂದಿತ್ತು. ಮೂಗುತಿಯ ಹೊಳಪು ಕೂಡ ಉಳಿದಿತ್ತು. ಅತ್ತೆ ಬಾಗಿ ಪರದೆಯ ಗಾಜಿಗೆ ಬೆರಳು ಮುಟ್ಟಿಸಿದಳು. ಆಮೇಲೆ ನಲವತ್ತು ಸೆಕೆಂಡು ಅವಳು ನಕ್ಕಳು, ತಲೆ ಆಡಿಸಿದಳು, ನಡುನಡುವೆ ತಾನೂ ಉತ್ತರ ಕೊಟ್ಟಳು. ಮುಗಿದ ಮೇಲೆ ಗೈಡ್, ಅರ್ಥವಾಯಿತಾ ಅಂತ ಕೇಳಿ ಅಂದರು. ನಾನು ಕೇಳಿದೆ. ಎಲ್ಲ ಆಯಿತು ಅಂದಳು. ಏನು ಹೇಳಿದಳು ಅಂತ ಕೇಳಿದೆ.

ಅತ್ತೆ ಒಂದೊಂದೇ ಹೇಳುತ್ತಾ ಹೋದಳು. ಮಂಡಿ ಹೇಗಿದೆ ಅಂದಳು. ಅಲ್ಲಿ ನೀರು ಚೆನ್ನಾಗಿದೆಯಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದಳು. ಮೂರನೇ ಮಗ್ಗಕ್ಕೆ ಬಂದಿರುವ ಹೊಸಬಳು ಹೇಗೆ ನಿಲ್ಲುತ್ತಾಳೆ ಅಂತ ಕೇಳಿದಳು. ಸಾಹುಕಾರನ ಮೀಸೆ ಬೆಳೆಯಿತಾ ಅಂತ ಕೇಳಿದಳು.

ಮೊದಲಿನ ಎರಡೂ ಮಾತು ಅಕ್ಕ ಹೇಳಿದ್ದೇ. ಊಟ, ಹೊಸಬಳು, ಮೀಸೆ, ಇವನ್ನು ಅಕ್ಕ ಹೇಳಿಯೇ ಇರಲಿಲ್ಲ. ಕೋಣೆ ಇಲ್ಲ. ಬಂದು ಇರು ಇಲ್ಲ. ಯುಗಾದಿ ಇಲ್ಲ.

ಏನಾಗಿದೆ ಅಂತ ನನಗೆ ಅಲ್ಲೇ ತಿಳಿಯಿತು. ಒಂದು ಕೈಯಲ್ಲಿ ಆಡುವಾಗ ಕೈ ಎದೆಯ ಹತ್ತಿರವೇ ಇರುತ್ತದೆ, ಮುಖದ ಕಾವಲು ಅದಕ್ಕೂ ಸ್ವಲ್ಪ ಸಿಗುತ್ತದೆ. ಮಗ್ಗ ನಿಲ್ಲಿಸಿ ಎರಡು ಕೈಯಲ್ಲಿ ಆಡಿದಾಗ ಕೈಗಳು ಚಿತ್ರದ ಅಂಚಿಗೆ ಹೋಗಿದ್ದವು. ಅಲ್ಲಿ ಕಾವಲು ತೆಳು. ತುಂಡುಗಳು ಕೆಟ್ಟವು, ಕೈ ಇದ್ದಲ್ಲಿ ಹಿಂದಿನ ಚಿತ್ರದ ಶೀಟು, ಗೋಡೆ ತೇಪೆಯಾಗಿ ಬಂದವು. ಅತ್ತೆಗೆ ಅಲ್ಲೊಂದು ಇಲ್ಲೊಂದು ಬೆರಳು ಕಂಡಿರಬೇಕು. ಉಳಿದದ್ದನ್ನು ಅವಳು ಹದಿನಾರು ವರ್ಷದ ಅಭ್ಯಾಸದಿಂದ ತುಂಬಿಕೊಂಡಳು. ಗೊತ್ತಿದ್ದದ್ದನ್ನೆಲ್ಲ ತುಂಬಿಕೊಳ್ಳಬಹುದು. ಹೊಸದನ್ನು ಯಾರಿಗೂ ತುಂಬಿಕೊಳ್ಳಲಾಗುವುದಿಲ್ಲ.

ನನ್ನ ತಪ್ಪು ಇನ್ನೂ ಹಿಂದಿನದು. ಪರೀಕ್ಷೆಗೆ ಮೊದಲು ಕೆಟ್ಟ ಚಿತ್ರವನ್ನು ನಾನೇ ನೋಡಿ, ಎಲ್ಲ ತಿಳಿಯುತ್ತದೆ ಅಂತ ಗುರುತು ಹಾಕಿಕೊಂಡಿದ್ದೆ. ನಾನೂ ಶೆಡ್ಡಿನಲ್ಲಿ ಬೆಳೆದವಳು, ಅಕ್ಕ ಏನು ಹೇಳಿದಳು ಅಂತ ಎದುರಿಗೆ ನಿಂತು ನೋಡಿದವಳು. ಗೋಡೆಯ ತೇಪೆಯ ಮೇಲೂ ನನಗೆ ಅವಳ ಕೈ ಕಾಣುತ್ತಿತ್ತು. ಬೇರೆ ಯಾವ ಊರಿನವರು ನೋಡಿದ್ದರೂ ಇಲ್ಲಿ ಕೈಯೇ ಇಲ್ಲವಲ್ಲ ಅನ್ನುತ್ತಿದ್ದರು.

ಗೈಡಿಗೆ ಇದೊಂದೂ ಗೊತ್ತಿರಲಿಲ್ಲ. ಅತ್ತೆ ನಕ್ಕದ್ದನ್ನು, ಉತ್ತರ ಕೊಟ್ಟದ್ದನ್ನು ನೋಡಿದ್ದರು, ಅವರ ಕಣ್ಣು ತುಂಬಿತ್ತು. ಬರೆದುಕೊಳ್ಳಿ, ಪೂರ್ತಿ ಅರ್ಥವಾಯಿತು ಅಂತ ಬರೆದುಕೊಳ್ಳಿ, ರಿವ್ಯೂಗೆ ಇದೊಂದೇ ಸಾಕು ಅಂದರು. ನಾನು ಲ್ಯಾಬ್ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದೆ. ಪೆನ್ ಹಿಡಿದ ಕೈ ನನ್ನದೇ, ಯಾರೂ ಒತ್ತಾಯ ಮಾಡಲಿಲ್ಲ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು. ದಾರಿಯುದ್ದಕ್ಕೂ ಅವಳ ಕೈ ಸುಮ್ಮನಿರಲಿಲ್ಲ. ಇನ್ನು ಬಸ್ ಹತ್ತಿ ಮೆಟ್ಟೂರಿಗೆ ಹೋಗುವ ಕಷ್ಟ ಇಲ್ಲ ಅಂದಳು. ಯಂತ್ರ ಮನೆಗೆ ಬಂದಮೇಲೆ ರಾಟೆಯ ಎದುರಿಗೆ ಇಡೋಣ, ಸುತ್ತುತ್ತಾ ಮಾತಾಡಬಹುದು ಅಂದಳು. ಅಕ್ಕನ ಮನೆಗೂ ಒಂದು ಬೇಕಲ್ಲ, ಅದನ್ನು ಯಾರು ಕೊಡುತ್ತಾರೆ ಅಂತ ಕೇಳಿದಳು. ನಾನು ಹೊರಗೆ ನೋಡಿದೆ. ಕೈಯಲ್ಲಿ ಮಾತಾಡುವವರಿಗೆ ಉತ್ತರ ಕೊಡಬಾರದು ಅಂದರೆ ಬೇರೆ ಕಡೆ ನೋಡಿದರೆ ಸಾಕು. ಎಷ್ಟು ಸುಲಭ ಅದು.

ಮನೆಯಲ್ಲಿ ಅವ್ವ ಎಲ್ಲವನ್ನೂ ಅತ್ತೆಯ ಮುಖದಲ್ಲೇ ಓದಿದಳು.

"ಇನ್ನ ಮೆಟ್ಟೂರು ಮೆಟ್ಟೂರು ಅಂತ ಮುಖ ಊದಿಸ್ಕೊಳೋದು ನಿಂತೋಯ್ತು," ಅಂದಳು. "ನಿನ್ ಓದು-ಪಡಿಪ್ಪು ಇದುಕ್ಕಾದ್ರೂ ಆಯ್ತಲ್ಲ ಮಗಳೇ. ನಾನು ಬರೀ ಬಸ್ಸಿನ ಸೀಟು ಸವೆಸೋಕೆ ಅಂದ್ಕೊಂಡಿದ್ದೆ."

ಅಪ್ಪನೂ ನಕ್ಕ. ಅಂಥ ಸಂಜೆಗಳು ನಮ್ಮ ಮನೆಯಲ್ಲಿ ಕಡಿಮೆ.

ಎರಡು ದಿನ ನಾನು ಏನೂ ಹೇಳಲಿಲ್ಲ. ಕಾರಣಗಳು ಇದ್ದವು. ರಿವ್ಯೂ ಮುಗಿಯಲಿ. ಅಕ್ಕನೇ ಹೇಳಬೇಡ ಅಂದಿದ್ದಾಳೆ. ಅತ್ತೆಗೆ ಇಲ್ಲೇನು ಕಡಿಮೆ. ಮೂರನೇ ದಿನ ಸಂಜೆ ಮನೆಗೆ ಬಂದಾಗ ಅತ್ತೆ ರಾಟೆಯ ಜಾಗ ಬದಲಾಯಿಸಿದ್ದಳು. ಗೋಡೆಯಿಂದ ಎರಡು ಮೊಳ ಈಚೆಗೆ ಎಳೆದು, ಎದುರಿಗೆ ಒಂದು ಸ್ಟೂಲು ಹಾಕಿ, ಅದರ ಮೇಲೆ ಒಗೆದ ಬಟ್ಟೆ ಹಾಸಿದ್ದಳು. ಯಂತ್ರ ಇಡಲು. ಪ್ಲಗ್ ಹತ್ತಿರವಿದೆಯಾ ನೋಡು ಅಂದಳು.

ನಾನು ಪುಸ್ತಕ ಕೆಳಗಿಟ್ಟು ಅವಳ ಎದುರಿಗೆ ನೆಲದಲ್ಲಿ ಕೂತೆ. ಅವಳ ಕೈಯನ್ನು ರಾಟೆಯ ಹಿಡಿಯಿಂದ ಬಿಡಿಸಿದೆ. ಸುತ್ತುವವರ ಕೈಯನ್ನು ನಮ್ಮಲ್ಲಿ ಯಾರೂ ಹಾಗೆ ಬಿಡಿಸುವುದಿಲ್ಲ, ಸಾವಿನ ಸುದ್ದಿ ಇದ್ದರೆ ಮಾತ್ರ. ಅವಳು ಗಾಬರಿಯಾಗಿ ಯಾರು ಅಂತ ಕೇಳಿದಳು. ಯಾರೂ ಇಲ್ಲ ಅಂದೆ. ಆಮೇಲೆ ಎರಡು ಕೈಯಲ್ಲಿ, ಏನನ್ನೂ ಅವಳಿಗೆ ಬಿಡದೆ, ಗುರುತಿಲ್ಲದವರ ಜೊತೆ ಆಡುವ ಹಾಗೆ ಪೂರ್ತಿ ಪೂರ್ತಿ ಆಡಿದೆ. ಚಿತ್ರ ಮೆಟ್ಟೂರಿಗೆ ಹೋಗುವುದಿಲ್ಲ. ಲ್ಯಾಬಿನ ಆ ಒಂದು ಡಬ್ಬಿಯ ಒಳಗೇ ಹೊರಟು ಅಲ್ಲೇ ತಲುಪುತ್ತದೆ. ಮನೆಗೆ ಬರುವುದಿಲ್ಲ. ಈ ವರ್ಷ ಇಲ್ಲ, ಬರುವ ವರ್ಷವೂ ಇಲ್ಲ. ನಾನು ನಿನ್ನಷ್ಟು ದೊಡ್ಡವಳಾದಾಗ ಬಂದರೂ ಬರಬಹುದು. ನಡುವೆ ಎರಡು ಸಲ ಅವಳು ತಲೆ ಆಡಿಸಿ ತಾನೇ ಮುಗಿಸಲು ನೋಡಿದಳು. ಎರಡು ಸಲವೂ ಅವಳ ಮಣಿಕಟ್ಟು ಹಿಡಿದು, ಇರು, ಇನ್ನೂ ಇದೆ ಅಂದೆ.

ಆಮೇಲೆ ಅಕ್ಕ ಹೇಳಿದ್ದನ್ನು ಹೇಳಿದೆ. ಕೋಣೆ, ಕಂಡಿಕೆ, ಯುಗಾದಿ. ಅದು ಆ ನಲವತ್ತು ಸೆಕೆಂಡಿನಲ್ಲೇ ಇತ್ತು, ನಿನಗೆ ತಲುಪಲಿಲ್ಲ, ನೀನು ಬೇರೆಯದನ್ನು ತುಂಬಿಕೊಂಡೆ, ಅದು ನನಗೆ ಅವತ್ತೇ ಗೊತ್ತಾಯಿತು ಅಂದೆ.

ಯಾಕೆ ಹೇಳಲಿಲ್ಲ ಅಂತ ಕೇಳಿದಳು.

ರಿವ್ಯೂಗೆ ಅಂದೆ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ನೀನು ನನ್ನನ್ನು ಬಿಟ್ಟು ಹೋಗಬಾರದು ಅಂತ, ಅದಕ್ಕೂ ಹೇಳಲಿಲ್ಲ ಅಂದೆ.

ಅತ್ತೆಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಅವಳು ರಾಟೆಗೆ ತಿರುಗಿ, ಅರ್ಧಕ್ಕೆ ನಿಂತಿದ್ದ ಕಂಡಿಕೆಯನ್ನು ಸುತ್ತಿ ಮುಗಿಸಿ, ನೂಲು ಹರಿದು, ಬುಟ್ಟಿಗೆ ಹಾಕಿದಳು. ಆಮೇಲೆ ಕೇಳಿದಳು.

"ಮಗ್ಗ ನಿಲ್ಲಿಸಿ ಹೇಳಿದಳಾ?"

"ನಿಲ್ಲಿಸಿ ಹೇಳಿದಳು."

"ಕೋಣೆಗೆ ಕಿಟಕಿ ಇದೆಯಾ?"

ಇದೆ ಅಂದೆ. ಅಲ್ಲಿಂದ ಚಿಮಣಿ ಕಾಣುತ್ತದೆ, ಬೂದಿ ಬರುತ್ತದೆ, ದಿನಾ ಗುಡಿಸಬೇಕು ಅಂತಲೂ ಹೇಳಿದೆ. ಗುಡಿಸಿದರಾಯಿತು ಅಂದಳು. ಎದ್ದು ಸ್ಟೂಲಿನ ಮೇಲಿದ್ದ ಬಟ್ಟೆಯನ್ನು ಮಡಿಸಿದಳು.

ಅಪ್ಪನಿಗೆ ಅವಳೇ ಹೇಳಿದಳು. ಅವನಿಗೆ ಅರ್ಥವಾಗದ್ದನ್ನು ನಾನು ಬಾಯಲ್ಲಿ ಹೇಳಿದೆ. ಅಪ್ಪ ಬಹಳ ಹೊತ್ತು ಕುಲದ ಮಾತಾಡಿದ. ತಮ್ಮ ಬದುಕಿರುವಾಗ ಅಕ್ಕ ಇನ್ನೊಬ್ಬರ ಮನೆಯಲ್ಲಿ ಕಂಡಿಕೆ ಸುತ್ತಿದರೆ ಬೀದಿಯವರು ಏನಂದಾರು ಅಂತ ಕೇಳಿದ. ಅವ್ವ, ಮಂಡಿಗೆ ಎಣ್ಣೆ ತಿಕ್ಕುವವರು ಅಲ್ಲಿ ಯಾರು ಅಂದಳು. ಅತ್ತೆ ಇಬ್ಬರ ತುಟಿಯನ್ನೂ ನೋಡುತ್ತಾ ಕೂತಿದ್ದಳು. ಕೊನೆಗೆ ಅಪ್ಪ ನನ್ನ ಕಡೆ ತಿರುಗಿದ.

"ನೀ ಏಳ್ದೆ ಇದ್ದಿದ್ರೆ ಅವಳಿಗೆ ತಿಳೀತಿತ್ತಾ?"

"ಇಲ್ಲಪ್ಪ."

"ಇಲ್ಲೇ ಇರ್ತಿದ್ಲು."

"ಇರ್ತಿದ್ಲು."

ಅಪ್ಪ ಅತ್ತೆಯ ಕಡೆ ನೋಡಿದ. ಅವನಿಗೆ ಬರುತ್ತಿದ್ದ ಕೈಮಾತು ಬಹಳ ಕಡಿಮೆ. ಊಟ ಆಯಿತಾ ಅಂತ ಕೇಳುವ ಹಾಗೆ ಬೆರಳುಗಳನ್ನು ಕೂಡಿಸಿ ಬಾಯಿಯ ಹತ್ತಿರ ತಂದು, ಆ ಕೈಯನ್ನು ಹಾಗೇ ಮೆಟ್ಟೂರಿನ ದಿಕ್ಕಿಗೆ ಚಾಚಿದ. ಅಲ್ಲಿ ಊಟ ಸರಿಯಾಗಿ ಸಿಗುತ್ತಾ ಅಂತ. ಅತ್ತೆ ನಕ್ಕು ತಮ್ಮನ ತಲೆಗೆ ಒಂದು ಮೊಟಕಿದಳು. ಮೊದಲು ಒಂದು ತಿಂಗಳು ಇದ್ದು ನೋಡುತ್ತೇನೆ ಅಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋದೆ. ಎರಡು ಚೀಲ, ಒಂದು ಎಣ್ಣೆ ಬಾಟಲಿ. ಡ್ರೈವರ್ ಹಿಂದಿನ ಸೀಟಿನಲ್ಲಿ, ಕಾಲು ಚಾಚಲು ಜಾಗ ಇರುವಲ್ಲಿ ಕೂರಿಸಿದೆ. ಎಲ್ಲಿ ಇಳಿಸಬೇಕು ಅಂತ ಕಂಡಕ್ಟರಿಗೆ ತಮಿಳಿನಲ್ಲಿ ಹೇಳಿದೆ. ಅತ್ತೆ ಅದನ್ನು ನೋಡಿ, ನನಗೆ ಇಳಿಯಲು ಗೊತ್ತು, ನೀನು ನಿನ್ನ ಬಸ್ಸಿಗೆ ಹೋಗು ಅಂದಳು. ಅವಳ ಬಸ್ ಐದು ರಸ್ತೆ ಕೂಡುವ ಸರ್ಕಲ್ಲಿನ ಕಡೆ ತಿರುಗಿದ ಮೇಲೆ ನಾನು ಕಾಲೇಜಿನ ಬಸ್ ಹತ್ತಿದೆ. ಲ್ಯಾಬಿನ ಬೀಗ ಆಗತಾನೇ ತೆಗೆದಿದ್ದರು. ನೋಟ್‌ಬುಕ್ಕಿನಲ್ಲಿ ಶನಿವಾರದ ಪುಟ ತೆಗೆದು, ಪೂರ್ತಿ ಅರ್ಥವಾಯಿತು ಅಂತ ಇದ್ದ ಸಾಲನ್ನು ಓದಲು ಬರುವ ಹಾಗೆಯೇ ಒಂದು ಗೆರೆ ಎಳೆದು ಹೊಡೆದೆ. ಕೆಳಗೆ, ಅರ್ಥವಾಗಲಿಲ್ಲ, ಕಾರಣ ಮುಂದಿನ ಪುಟದಲ್ಲಿ ಅಂತ ಬರೆದು ಸಹಿ ಹಾಕಿದೆ. ಗೈಡ್ ಇನ್ನೂ ಬಂದಿರಲಿಲ್ಲ. ಪುಸ್ತಕವನ್ನು ಆ ಪುಟಕ್ಕೆ ತೆರೆದು ಅವರ ಮೇಜಿನ ಮೇಲಿಟ್ಟು, ಬಾಗಿಲ ಹತ್ತಿರದ ಬೆಂಚಿನಲ್ಲಿ ಕಾಯುತ್ತಾ ಕೂತೆ.